ಸಿಂಗಳೀಕ ದಾಂಡೇಲಿಯಲ್ಲಿ ಯಾಕಿಲ್ಲ?

ಪ್ರಶ್ನೆ: ನಮ್ಮೂರು ಸಿದ್ದಾಪುರ ತಾಲ್ಲೂಕಿನಲ್ಲಿದೆ. ಮಂಗ, ಮುಸ್ಯ (ಲಂಗೂರ್), ಸಿಂಗಳೀಕ (ಸಿಂಹಬಾಲದ ಕೋತಿ) ಮೂರೂ ನಮ್ಮ ಸುತ್ತಿನ ಕಾಡಿನಲ್ಲಿವೆ. ದಾಂಡೇಲಿ ಕಡೆ ನಮಗಿಂತ ದೊಡ್ಡ ಕಾಡಿದೆ, ಮಳೆಗೂ ಕೊರತೆ ಇಲ್ಲ. ಅಲ್ಲಿ ಮಂಗ ಇದೆ, ಮುಸ್ಯ ಇದೆ, ಸಿಂಗಳೀಕ ಮಾತ್ರ ಇಲ್ಲ. ಅಘನಾಶಿನಿ ಹೊಳೆ ದಾಟಲಾರದೆ ಹೀಗಾಗಿದೆಯಾ? ಇದರ ಹತ್ತಿರದ ನೆಂಟ ಅಸ್ಸಾಮಿನಲ್ಲಿದೆ ಅಂತ ಓದಿದೆ. ನಡುವೆ ಎಲ್ಲೂ ಇಲ್ಲದ್ದು ಅಲ್ಲಿಗೆ ಹೇಗೆ ಹೋಯಿತು? ನಾಲ್ಕು ಸಿಂಗಳೀಕಗಳನ್ನು ದಾಂಡೇಲಿಗೆ ಒಯ್ದು ಬಿಟ್ಟರೆ ಬದುಕುತ್ತವಾ?

ಉತ್ತರ: ಮೊದಲು ಹೊಳೆಯ ವಿಷಯ ಮುಗಿಸಿಬಿಡೋಣ. ಹೊಳೆ ಕಾರಣ ಅಲ್ಲ. ಅಘನಾಶಿನಿ ಹುಟ್ಟುವುದೇ ಶಿರಸಿಯ ಹತ್ತಿರ. ಅಲ್ಲಿ ಅದು ಸಣ್ಣ ಹಳ್ಳ, ಆಚೆ ದಡದ ಕೊಂಬೆ ಈಚೆ ದಡದ ಕೊಂಬೆಗೆ ತಾಗುತ್ತದೆ. ಅದಕ್ಕಿಂತ ದೊಡ್ಡದಾದ ಶರಾವತಿಯ ಎರಡೂ ದಡದ ಕಾಡುಗಳಲ್ಲಿ ಸಿಂಗಳೀಕ ಇದೆ. ಹೊಳೆಯೇ ಗಡಿಯಾಗುವ ಜಾಗಗಳು ಬೇರೆ ಇವೆ. ಬ್ರಹ್ಮಪುತ್ರದ ಅಗಲ ನೆನಪಿಸಿಕೊಳ್ಳಿ. ನೀವು ಹೇಳಿದ ಅಸ್ಸಾಮಿನ ನೆಂಟ, ಹಂದಿಬಾಲದ ಕೋತಿ, ಬಹುಪಾಲು ಆ ನದಿಯ ದಕ್ಷಿಣಕ್ಕೇ ಉಳಿದಿದೆ. ನಮ್ಮ ಘಟ್ಟದ ಹೊಳೆಗಳಿಗೆ ಆ ಶಕ್ತಿ ಇಲ್ಲ.

ಇನ್ನು ಮಳೆ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ. ಕಾಡಿನ ವಿಷಯ ಬಂದಾಗ ನಾವೆಲ್ಲ ಕೇಳುವುದು ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ ಅಂತ. ಎಷ್ಟು ತಿಂಗಳು ಮಳೆಯೇ ಇಲ್ಲ ಅಂತ ಕೇಳುವವರು ಕಡಿಮೆ. ಪಶ್ಚಿಮ ಘಟ್ಟದಲ್ಲಿ ಗಿಡ, ಮರ, ಪ್ರಾಣಿಗಳ ಗಡಿಯನ್ನು ಜಾಸ್ತಿ ತೀರ್ಮಾನಿಸುವುದು ಈ ಎರಡನೇ ಲೆಕ್ಕ.

ಮುಂಗಾರು ಜೂನ್ 1ರ ಆಸುಪಾಸಿನಲ್ಲಿ ಕೇರಳ ಮುಟ್ಟುತ್ತದೆ. ಹತ್ತು ದಿನದೊಳಗೆ ನಮ್ಮ ಕರಾವಳಿ, ಗೋವಾ ದಾಟಿ ಮುಂಬೈ ತಲುಪುತ್ತದೆ. ಹೋಗುವಾಗ ದಾರಿ ಉಲ್ಟಾ. ಉತ್ತರದಿಂದ ಮೊದಲು ಜಾಗ ಖಾಲಿ ಮಾಡುತ್ತದೆ, ದಕ್ಷಿಣದಿಂದ ಕೊನೆಗೆ. ಅಷ್ಟೇ ಅಲ್ಲದೆ ಘಟ್ಟದ ದಕ್ಷಿಣ ತುದಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರೂ ಚೆನ್ನಾಗಿ ಸಿಗುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯೂ ಅಲ್ಲಿ ಜಾಸ್ತಿ. ಹಾಗಾಗಿ ಕೇರಳ–ತಮಿಳುನಾಡಿನ ಗಡಿಯಲ್ಲಿರುವ ಅಗಸ್ತ್ಯಮಲೆಯ ಒದ್ದೆ ಕಾಡುಗಳಲ್ಲಿ ಒಣ ತಿಂಗಳು ಅಂದರೆ ಎರಡೋ ಮೂರೋ. ಆಗುಂಬೆಯ ಹತ್ತಿರ ಬಂದರೆ ಐದಾರು. ಮಹಾರಾಷ್ಟ್ರದ ಘಟ್ಟಗಳಲ್ಲಿ ಏಳೆಂಟು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಜೆ.ಪಿ. ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ಕಾಡುಗಳ ನಕ್ಷೆ ಮಾಡಿದಾಗ ಈ ಲೆಕ್ಕ ಬಹಳ ಸ್ಪಷ್ಟವಾಗಿ ಕಂಡಿತು. ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ಮಳೆಯ ಪ್ರಮಾಣ ಇಳಿಯುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಒಣಗಾಲ ಉದ್ದವಾಗುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಹಾಬಳೇಶ್ವರದಲ್ಲೂ 5,000 ದಾಟುತ್ತದೆ. ಆದರೂ ಮಹಾಬಳೇಶ್ವರದ ಕಾಡು ಗಿಡ್ಡ. ನೇರಳೆಯಂಥ ಗಟ್ಟಿ ಜೀವದ ಕೆಲವೇ ಮರಗಳು ಅಲ್ಲಿ ಮೇಲುಗೈ ಪಡೆದಿವೆ. ಅವೆರಡಕ್ಕಿಂತ ಕಡಿಮೆ ಮಳೆಯ ಅಗಸ್ತ್ಯಮಲೆಯಲ್ಲಿ ನಿತ್ಯಹಸುರಿನ ಮರಗಳ ಜಾತಿ ಘಟ್ಟದಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ. ನಾಲ್ಕು ತಿಂಗಳು ಸುರಿದ ನೀರಿನಲ್ಲಿ ಬಹುಪಾಲು ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಮರಕ್ಕೆ ಬೇಕಾದದ್ದು ಮಾರ್ಚಿಯಲ್ಲಿ ಬೇರಿನ ಹತ್ತಿರ ಉಳಿದ ತೇವ.

ಈಗ ನಿಮ್ಮ ಮೂರು ಮಂಗಗಳಿಗೆ ಬರೋಣ. ಮೂರೂ ಒಂದೇ ಕಾಡಿನಲ್ಲಿದ್ದರೂ ಹೊಟ್ಟೆಪಾಡು ಬೇರೆ ಬೇರೆ.

ಮುಸ್ಯ ಎಲೆ ತಿನ್ನುತ್ತದೆ. ಅದರ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ, ಎಲೆಯ ನಾರನ್ನು ಅಲ್ಲಿ ಕೊಳೆಸಿ ಅರಗಿಸಿಕೊಳ್ಳುತ್ತದೆ. ಹಣ್ಣು ಸಿಕ್ಕರೆ ಬಿಡುವುದಿಲ್ಲ, ಸಿಗದಿದ್ದರೆ ಚಿಗುರು, ಬಲಿತ ಎಲೆ, ಮೊಗ್ಗು, ಬೀಜದಲ್ಲಿ ದಿನ ದೂಡುತ್ತದೆ. ಸಾಮಾನ್ಯ ಮಂಗಕ್ಕೆ ಅಂಥ ಹೊಟ್ಟೆ ಇಲ್ಲ, ಅದರ ಬದಲು ಧೈರ್ಯ ಇದೆ. ನೆಲಕ್ಕಿಳಿಯುತ್ತದೆ, ತೋಟಕ್ಕೆ ನುಗ್ಗುತ್ತದೆ, ದೇವಸ್ಥಾನದ ಅಂಗಳಕ್ಕೆ ಬರುತ್ತದೆ, ರಸ್ತೆ ಬದಿಯಲ್ಲಿ ಕೂತು ಬಸ್ಸಿಗೆ ಕಾಯುತ್ತದೆ. ಕಾಡು ಕೈಬಿಟ್ಟ ತಿಂಗಳಲ್ಲಿ ಊರು ಅದನ್ನು ಸಾಕುತ್ತದೆ.

ಸಿಂಗಳೀಕಕ್ಕೆ ಈ ಎರಡೂ ದಾರಿ ಇಲ್ಲ. ಅದರ ಬದುಕು ಹಣ್ಣು ಮತ್ತು ಹುಳುಹುಪ್ಪಟೆಯ ಮೇಲೆ ನಿಂತಿದೆ. ಅತ್ತಿ ಜಾತಿಯ ಹಣ್ಣುಗಳು, ಹಲಸು, ಹೆಬ್ಬಲಸು, ಉಪ್ಪಾಗೆ, ಹೂವಿನ ಮಕರಂದ. ಜೊತೆಗೆ ಒಣ ತೊಗಟೆ ಸುಲಿದು, ಮುದುಡಿದ ಎಲೆ ಬಿಡಿಸಿ ಹುಡುಕುವ ಹುಳಗಳು. ಗುಂಪನ್ನು ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದರೆ ಈ ಹುಡುಕಾಟಕ್ಕೆ ಅದು ದಿನದ ಎಷ್ಟು ಹೊತ್ತು ಕೊಡುತ್ತದೆ ಅಂತ ಗೊತ್ತಾಗುತ್ತದೆ. ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಹೋಗಲು ಕೊಂಬೆಗಳ ನೆತ್ತಿ ಒಂದಕ್ಕೊಂದು ಕೂಡಿರಬೇಕು. ಒಂದು ಗುಂಪಿಗೆ ಹಲವು ಚದರ ಕಿಲೋಮೀಟರ್ ಕಾಡು ಬೇಕಾಗುತ್ತದೆ.

ಮನೆಯ ಸ್ಥಿತಿ ಸುಗ್ಗಿಯಲ್ಲಿ ಗೊತ್ತಾಗುವುದಿಲ್ಲ, ಆಷಾಢದಲ್ಲಿ ಪಣತದ ತಳ ನೋಡಬೇಕು ಅಲ್ವಾ? ಕಾಡಿನ ಲೆಕ್ಕವೂ ಅದೇ. ವರ್ಷದ ಹನ್ನೆರಡು ತಿಂಗಳಲ್ಲಿ ಹನ್ನೊಂದು ತಿಂಗಳು ಹಣ್ಣಿದ್ದು ಒಂದು ತಿಂಗಳು ಪೂರ್ತಿ ಖಾಲಿ ಇದ್ದರೆ ಸಿಂಗಳೀಕದ ಪಾಲಿಗೆ ಆ ಕಾಡು ಕಷ್ಟದ ಕಾಡು. ಹನ್ನೆರಡೂ ತಿಂಗಳು ಏನಾದರೂ ಒಂದು ಹಣ್ಣಾಗುತ್ತಿರಬೇಕು ಅಂದರೆ ಹಲವು ಜಾತಿಯ ಮರಗಳು ಬೇಕು. ಒಂದು ಮುಗಿಸುವಾಗ ಇನ್ನೊಂದು ಶುರು ಮಾಡಬೇಕು. ಒಣಗಾಲ ಉದ್ದವಾದಷ್ಟೂ ಅಂಥ ಮರಗಳ ಜಾತಿ ಕಡಿಮೆಯಾಗುತ್ತದೆ, ಸರದಿಯಲ್ಲಿ ಖಾಲಿ ತಿಂಗಳುಗಳು ಬೀಳುತ್ತವೆ.

ದಾಂಡೇಲಿಯ ಕಾಡಿಗೆ ಹೋದಾಗ ಒಂದು ಕೆಲಸ ಮಾಡಿ. ಬೇಸಿಗೆಯಲ್ಲಿ ಮರದ ಬುಡಗಳಲ್ಲಿ ಬಿದ್ದಿರುವುದನ್ನು ಆರಿಸಿ ನೋಡಿ. ಮತ್ತಿಯ ಕಾಯಿಗೆ ಐದು ರೆಕ್ಕೆ. ಹೊನ್ನೆಯ ಕಾಯಿ ದುಂಡಗೆ, ಸುತ್ತ ತೆಳುವಾದ ಅಂಚು, ಗಾಳಿಗೆ ತಿರುಗುತ್ತಾ ಬೀಳುತ್ತದೆ. ನಂದಿಯ ಕಾಯಿ ಒಡೆದರೆ ಒಳಗೆ ರೆಕ್ಕೆ ಇರುವ ಸಣ್ಣ ಬೀಜ. ಬೀಟೆಯದು ಕಾಗದದಷ್ಟು ತೆಳು ಕೋಡು. ಸಾಗುವಾನಿಯದು ಒಣ ಕಾಯಿ. ಇದರಲ್ಲಿ ತಿರುಳಿರುವ ಹಣ್ಣು ಒಂದಾದರೂ ಇದೆಯಾ? ಎಲೆ ಉದುರಿಸಿದ ಕಾಡಿನಲ್ಲಿ ಗಾಳಿ ಸಲೀಸಾಗಿ ಓಡಾಡುತ್ತದೆ, ಆದ್ದರಿಂದ ಮರಗಳು ಬೀಜ ಸಾಗಿಸುವ ಕೆಲಸವನ್ನು ಗಾಳಿಗೇ ಒಪ್ಪಿಸಿವೆ. ನಿಮ್ಮ ಕಡೆಯ ಕಾನಿನೊಳಗೆ, ಅಂದರೆ ದಟ್ಟ ನಿತ್ಯಹಸುರಿನ ಕಾಡಿನೊಳಗೆ, ಗಾಳಿ ಆಡುವುದಿಲ್ಲ. ಅಲ್ಲಿಯ ಮರ ಹಕ್ಕಿಗೋ, ಮಂಗಕ್ಕೋ, ಬಾವಲಿಗೋ ತಿರುಳಿನ ಕೂಲಿ ಕೊಟ್ಟು ಬೀಜ ಸಾಗಿಸಬೇಕು. ಎರಡೂ ಕಾಡು ದೂರದಿಂದ ಹಸುರಾಗಿಯೇ ಕಾಣುತ್ತವೆ. ಹಣ್ಣು ತಿನ್ನುವ ಪ್ರಾಣಿಗೆ ಒಂದು ಅನ್ನದ ಬಟ್ಟಲು, ಇನ್ನೊಂದರಲ್ಲಿ ಬರೀ ಹೊಟ್ಟು.

ಹಾಗಾದರೆ ದಾಂಡೇಲಿಯಲ್ಲಿ ಅಷ್ಟೊಂದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಹೇಗಿವೆ, ಅವೂ ಹಣ್ಣು ತಿನ್ನುವವೇ ಅಲ್ವಾ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಮಂಗಟ್ಟೆಗೆ ರೆಕ್ಕೆ ಇದೆ. ಇಲ್ಲಿಯ ಆಲ ಮುಗಿದರೆ ಕಣಿವೆ ದಾಟಿ ಇನ್ನೊಂದು ಬಸರಿ ಮರ ಹುಡುಕುತ್ತದೆ. ಹಣ್ಣಿನ ಮರಗಳು ಚದುರಿದ್ದರೂ ಅದಕ್ಕೆ ಸಾಗುತ್ತದೆ. ಮರಿ ಹೊಟ್ಟೆಗೆ ಕಟ್ಟಿಕೊಂಡು ಕೊಂಬೆಯಿಂದ ಕೊಂಬೆಗೆ ಹೋಗುವ ಸಿಂಗಳೀಕಕ್ಕೆ ಆ ದೂರ ಸಾಧ್ಯವಿಲ್ಲ. ಕೆಂದಳಿಲನ್ನೂ ನೋಡಿ. ಅದೂ ಮರ ಬಿಟ್ಟು ಇಳಿಯುವುದು ಕಡಿಮೆ, ಆದರೆ ಘಟ್ಟದುದ್ದಕ್ಕೂ ಮಹಾರಾಷ್ಟ್ರದವರೆಗೆ ಇದೆ, ಅಲ್ಲಿಯ ರಾಜ್ಯಪ್ರಾಣಿಯೇ ಅದು. ಒಣ ಬೀಜ, ತೊಗಟೆ, ಚಿಗುರು ಯಾವುದಾದರೂ ಅದಕ್ಕೆ ನಡೆಯುತ್ತದೆ. ಮೇಲೆ ಮಾತ್ರ ಓಡಾಡುವುದು, ಹಣ್ಣನ್ನೇ ನೆಚ್ಚುವುದು, ಹಾರಲಾರದಿರುವುದು, ಈ ಮೂರೂ ಒಂದೇ ಪ್ರಾಣಿಯಲ್ಲಿ ಸೇರಿದ್ದರಿಂದ ಸಿಂಗಳೀಕದ ನಕ್ಷೆ ಇಷ್ಟು ಸಪೂರ.

ಶರಾವತಿ ಕಣಿವೆಯೂ ಅದಕ್ಕೆ ತೀರಾ ಸುಖದ ಜಾಗವೇನಲ್ಲ. ಕೇರಳ, ತಮಿಳುನಾಡಿನ ಕಾಡುಗಳಲ್ಲಿ ಕುಲ್ಲೇನಿಯಾ ಅಂತ ಒಂದು ಮರ ಇದೆ. ಮುಳ್ಳುಮುಳ್ಳಿನ ಕಾಯಿ ಬಿಡುವ, ಮಲೇಷ್ಯಾದ ದುರಿಯನ್ ಹಣ್ಣಿನ ಕುಟುಂಬದ ಮರ. ಬೇರೆ ಏನೂ ಸಿಗದ ಹೊತ್ತಿನಲ್ಲಿ ದಕ್ಷಿಣದ ಸಿಂಗಳೀಕಗಳನ್ನು ಅದರ ಹೂವು, ಬೀಜ ಕಾಪಾಡುತ್ತವೆ. ಶರಾವತಿಯ ಕಡೆ ಆ ಮರ ಇಲ್ಲ. ಆದರೂ ಇಲ್ಲಿ ಸಿಂಗಳೀಕ ಇದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಎಚ್.ಎನ್. ಕುಮಾರ ಮತ್ತು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಶಿರಸಿ–ಹೊನ್ನಾವರದ ಕಾಡುಗಳನ್ನು ಸುತ್ತಿದಾಗ 32 ಗುಂಪುಗಳು ಲೆಕ್ಕಕ್ಕೆ ಸಿಕ್ಕವು. ಇಡೀ ಜಗತ್ತಿನ ಕಾಡುಗಳಲ್ಲಿ ಉಳಿದಿರುವ ಸಿಂಗಳೀಕಗಳು ನಾಲ್ಕು ಸಾವಿರದೊಳಗೆ ಎಂಬುದನ್ನು ನೆನೆದರೆ ಇದು ಬಹಳ ದೊಡ್ಡ ಸಂಖ್ಯೆ.

ಐದಾರು ತಿಂಗಳು ಮಳೆಯಿಲ್ಲದ ಜಾಗದಲ್ಲಿ ಇದು ಹೇಗೆ? ಉತ್ತರ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕತ್ತಲೆಕಾನಿನ ಒಳಗೆ ಮಾರ್ಚಿಯಲ್ಲೋ ಏಪ್ರಿಲ್‌ನಲ್ಲೋ ಹೋಗಿ ನೋಡಿ. ಹೊರಗೆ ಹೆದ್ದಾರಿಯಲ್ಲಿ ಟಾರು ಕಾದಿರುತ್ತದೆ. ಒಳಗೆ ರಾಮಪತ್ರೆ (ಕಾಡು ಜಾಯಿಕಾಯಿ) ಮರಗಳ ಜಡ್ಡಿಯಲ್ಲಿ, ಅಂದರೆ ಜೌಗಿನಲ್ಲಿ, ಕಾಲಿಟ್ಟರೆ ಕೆಸರಿನಲ್ಲಿ ಹೂಳುತ್ತದೆ. ಕೆಸರಿನಿಂದ ಮಂಡಿ ಮಡಚಿದಂತೆ ಬೇರುಗಳು ಮೇಲೆದ್ದು ಮತ್ತೆ ಒಳಗೆ ಹೋಗಿರುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಉಸಿರಾಟಕ್ಕೆ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಹೀಗೆ ಮೇಲೆ ಬರುತ್ತದೆ. ಸಣ್ಣ ಒರತೆ ವರ್ಷವಿಡೀ ಹರಿಯುತ್ತಲೇ ಇರುತ್ತದೆ. ಆಕಾಶದ ಲೆಕ್ಕದಲ್ಲಿ ಇಲ್ಲಿ ಅರ್ಧ ವರ್ಷ ಒಣಗಾಲ. ಆ ಜಡ್ಡಿಯ ಲೆಕ್ಕದಲ್ಲಿ ಒಣಗಾಲವೇ ಇಲ್ಲ. ಅಂದರೆ ಅಗಸ್ತ್ಯಮಲೆಯ ತೇವ ಇಲ್ಲಿ ಕೆಲವು ಎಕರೆಗಳಲ್ಲಿ ಉಳಿದುಕೊಂಡಿದೆ.

ಇಂಥ ಜಾಗಗಳಲ್ಲಿ ದಕ್ಷಿಣದ ಗಿಡಗಳು ತಮ್ಮ ಬಳಗದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಸಿಕ್ಕಿವೆ. ತಿರುವಾಂಕೂರಿನ ಹೆಸರನ್ನೇ ಹೊತ್ತ ಒಂದು ನೇರಳೆ ಜಾತಿಯ ಮರ ದಕ್ಷಿಣ ಕೇರಳದ್ದು ಎಂದುಕೊಂಡಿದ್ದರು. ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರಿಗೆ ಅದು ಉತ್ತರ ಕನ್ನಡದಲ್ಲಿ ಸಿಕ್ಕಿತು. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಗೇರಿನ ಕುಟುಂಬದ ಒಂದು ಜೌಗು ಮರಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ.

ರಾಮಪತ್ರೆಯ ಬೀಜದ ಗುಣವನ್ನೂ ಹೇಳಬೇಕು. ಕಾಯಿ ಒಡೆದಾಗ ಬೀಜದ ಸುತ್ತ ಬಲೆಬಲೆಯಾಗಿ ಕೆಂಪು ಪತ್ರೆ ಇರುತ್ತದೆ. ಮಂಗಟ್ಟೆ ಅದನ್ನು ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಈ ಬೀಜ ಒಣಗಿದರೆ ಸತ್ತಂತೆ. ಮತ್ತಿಯ ಬೀಜದ ಹಾಗೆ ತಿಂಗಳುಗಟ್ಟಲೆ ಮಳೆಗೆ ಕಾಯುವ ಶಕ್ತಿ ಅದಕ್ಕಿಲ್ಲ. ಮಂಗಟ್ಟೆ ಅದನ್ನು ದಾಂಡೇಲಿಯ ಒಣ ಗುಡ್ಡಕ್ಕೇ ಒಯ್ದರೂ ಅಲ್ಲಿ ಗಿಡವಾಗುವುದಿಲ್ಲ. ಜೀವಿಯೊಂದು ಒಂದು ಕಡೆ ಇಲ್ಲ ಅಂದರೆ ಅದು ಅಲ್ಲಿಗೆ ತಲುಪಲೇ ಇಲ್ಲವಾ, ತಲುಪಿ ಬದುಕಲಿಲ್ಲವಾ ಅಂತ ಎರಡು ಬೇರೆ ಪ್ರಶ್ನೆ ಕೇಳಬೇಕು. ರಾಮಪತ್ರೆಯದ್ದು ಎರಡನೆಯದು.

ಈಗ ಅಸ್ಸಾಂ. ಸಿಂಗಳೀಕ ಇಲ್ಲಿಂದ ಅಲ್ಲಿಗೆ ಹೋಗಲಿಲ್ಲ, ಹಂದಿಬಾಲದ ಕೋತಿ ಅಲ್ಲಿಂದ ಇಲ್ಲಿಗೆ ಬರಲೂ ಇಲ್ಲ. ಎರಡಕ್ಕೂ ಹಿಂದಿನ ಒಂದು ವಂಶ ಹಿಂದೊಮ್ಮೆ ನಡುವಿನ ನಾಡುಗಳಲ್ಲೂ ಹಬ್ಬಿತ್ತು, ನಡುವಿನವು ಅಳಿದವು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಘಟ್ಟ ಮತ್ತು ಈಶಾನ್ಯ ಭಾರತ ಎರಡರಲ್ಲೂ ಇದ್ದು ನಡುವೆ ಇಲ್ಲದ ಜೀವಿಗಳು ಬಹಳ. ದೊಡ್ಡ ಮಂಗಟ್ಟೆಯೂ ಹಾಗೆಯೇ. ಪ್ರಾಣಿವಿಜ್ಞಾನಿ ಸುಂದರ್‌ಲಾಲ್ ಹೋರಾ 1940ರ ದಶಕದಲ್ಲಿ ಘಟ್ಟದ ಹಳ್ಳಗಳ ಮೀನುಗಳನ್ನು ನೋಡಿ, ಇವು ಸಾತ್ಪುರ ಬೆಟ್ಟಸಾಲಿನ ಮೂಲಕ ಬಂದಿರಬೇಕು ಎಂಬ ವಾದ ಮುಂದಿಟ್ಟರು. ಎಲ್ಲ ಪ್ರಾಣಿಗಳಿಗೂ ಒಂದೇ ದಾರಿ ಕೊಡುವುದು ಸರಿಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ ಬೇರೆಯಾಗಿವೆ. ಆದರೆ ಒಂದು ಕಾಲದ ತೇವದ ನಾಡು ಆಮೇಲೆ ಒಣಗಿ ತುಂಡಾಯಿತು ಅನ್ನುವ ಮಾತಿಗೆ ಆಧಾರ ಗಟ್ಟಿಯಾಗಿದೆ.

ಅಂಥ ಒಂದು ಆಧಾರ ನೀಲಗಿರಿಯ ಜೌಗಿನಲ್ಲಿ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅಲ್ಲಿ ಪದರ ಪದರವಾಗಿ ಕೂತ ಕರಿ ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಲು ನಾಡಿನ ಹುಲ್ಲು ಇಂಗಾಲವನ್ನು ಹಿಡಿಯುವ ರೀತಿ ಬೇರೆ, ಮರಗಿಡಗಳು ಹಿಡಿಯುವ ರೀತಿ ಬೇರೆ. ಮಣ್ಣಿನ ಇಂಗಾಲದಲ್ಲಿ ಆ ಗುರುತು ಉಳಿಯುತ್ತದೆ. ಸುಮಾರು 20,000 ವರ್ಷದ ಹಿಂದೆ, ಉತ್ತರದ ದೇಶಗಳ ಮೇಲೆ ಹಿಮ ಕವಿದಿದ್ದಾಗ, ನೀಲಗಿರಿಯಲ್ಲಿ ಒಣ ಹುಲ್ಲುಗಾವಲು ಮೇಲುಗೈ ಪಡೆದಿತ್ತು. ಸುಮಾರು 10,000 ವರ್ಷದ ಹಿಂದೆ ಮುಂಗಾರು ಜೋರಾಗಿ ತೇವ ಮರಳಿತು. ಇದು ಕೊನೆಯ ಸುತ್ತು ಅಷ್ಟೇ. ಇದಕ್ಕೂ ಹಿಂದೆ ಇಂಥ ಒಣ–ತೇವದ ಸುತ್ತುಗಳು ಎಷ್ಟೋ ಆಗಿವೆ. ಪ್ರತಿ ಒಣ ಸುತ್ತಿನಲ್ಲೂ ತೇವದ ಕಾಡು ಕಣಿವೆ, ಒರತೆ, ದಕ್ಷಿಣದ ಬೆಟ್ಟಗಳಿಗೆ ಕುಗ್ಗುತ್ತದೆ, ಅದರೊಳಗಿನ ಪ್ರಾಣಿಯೂ ಕುಗ್ಗುತ್ತದೆ. ನಡುವೆ ಸಿಕ್ಕಿಕೊಂಡವು ಉಳಿಯುವುದಿಲ್ಲ. ತಿರುಗಿ ತೇವ ಬಂದಾಗ ಹಬ್ಬಲು ಎಲ್ಲದಕ್ಕೂ ಆಗುವುದಿಲ್ಲ. ಇನ್ನೂ ಹಳೆಯ ಕತೆಗಳೂ ಘಟ್ಟದಲ್ಲಿವೆ. 2003ರಲ್ಲಿ ಕೇರಳದಿಂದ ವರದಿಯಾದ ನೇರಳೆ ಬಣ್ಣದ, ನೆಲದೊಳಗೆ ಬದುಕುವ ಕಪ್ಪೆಯ ಹತ್ತಿರದ ಬಂಧುಗಳಿರುವುದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ. ಅದು ಭೂಖಂಡಗಳೇ ಬೇರೆಯಾದ ಕಾಲದ ಲೆಕ್ಕ.

ನಿಮ್ಮ ಸಾಮಾನ್ಯ ಮಂಗಕ್ಕೂ ಒಂದು ಗಡಿ ಇದೆ, ಅದು ಮಳೆಯಿಂದ ಆದದ್ದಲ್ಲ. ಟೊಪ್ಪಿಗೆ ಇಟ್ಟಂಥ ತಲೆಗೂದಲಿನ ನಮ್ಮ ಮಂಗ ದಕ್ಷಿಣ ಭಾರತದ್ದು. ಉತ್ತರ ಭಾರತದ ಕೆಂಪು ಮೂತಿಯ ರೀಸಸ್ ಕೋತಿ ಬೇರೆ ಜಾತಿ. ಎರಡರ ಊಟ, ಓಡಾಟ ಹೆಚ್ಚುಕಮ್ಮಿ ಒಂದೇ. ಪಶ್ಚಿಮದಲ್ಲಿ ತಾಪಿ, ಪೂರ್ವದಲ್ಲಿ ಗೋದಾವರಿ–ಕೃಷ್ಣೆಯ ಸೀಮೆಯಲ್ಲಿ ಒಂದರ ನಾಡು ಮುಗಿದು ಇನ್ನೊಂದರದ್ದು ಶುರುವಾಗುತ್ತದೆ. ರೀಸಸ್ ಈಗ ದಕ್ಷಿಣಕ್ಕೆ ಒತ್ತಿಕೊಂಡು ಬರುತ್ತಿದೆ, ನಮ್ಮದು ಹಿಂದೆ ಸರಿಯುತ್ತಿದೆ.

ಸಿಂಗಳೀಕದ ನಕ್ಷೆಯಲ್ಲಿ ಮನುಷ್ಯನ ಕೈಯೂ ಇದೆ. ಹೆಣ್ಣು ಮೊದಲ ಮರಿ ಹಾಕುವಾಗ ಆರು ವರ್ಷ ದಾಟಿರುತ್ತದೆ. ಹಾಕುವುದು ಒಂದೇ ಮರಿ, ಮುಂದಿನದಕ್ಕೆ ಎರಡು ಮೂರು ವರ್ಷ ಬೇಕು. ಇಷ್ಟು ನಿಧಾನದ ಪ್ರಾಣಿಯನ್ನು ಬೇಟೆಯಾಡಿದರೆ ಕಾಡು ಹಸುರಾಗಿಯೇ ಇದ್ದು ಪ್ರಾಣಿ ಮಾತ್ರ ಖಾಲಿಯಾಗುತ್ತದೆ. ಕರ್ನಾಟಕದ ಕೆಲವು ಒಳ್ಳೆಯ ಕಾಡುಗಳಲ್ಲಿ ಆಗಿರುವುದು ಇದೇ. ಇನ್ನೊಂದು, ಉಪ್ಪಾಗೆ. ಸಿಪ್ಪೆ ಒಣಗಿಸಿ ಮಾರುವುದರಿಂದ ನಿಮ್ಮ ಕಡೆ ಎಷ್ಟೋ ಮನೆಗಳಿಗೆ ಮಳೆಗಾಲದಲ್ಲಿ ನಾಲ್ಕು ಕಾಸು ಬರುತ್ತದೆ, ಅದನ್ನು ಬೇಡ ಅನ್ನಲಾರೆ. ಆದರೆ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿದು ಕಾಯಿ ಇಳಿಸಿದರೆ ಮುಂದಿನ ವರ್ಷ ಮನೆಗೂ ಇಲ್ಲ, ಸಿಂಗಳೀಕಕ್ಕೂ ಇಲ್ಲ.

ಕೊನೆಯ ಪ್ರಶ್ನೆ, ದಾಂಡೇಲಿಗೆ ಒಯ್ದು ಬಿಡುವುದು. ದಾಂಡೇಲಿಯ ಸಾಗುವಾನಿ ಕಾಡಿನಲ್ಲಿ ಬದುಕುವುದಿಲ್ಲ, ಅದನ್ನು ಖಚಿತವಾಗಿ ಹೇಳಬಹುದು. ಅದರ ಪಶ್ಚಿಮಕ್ಕೆ ಅಣಶಿ, ಕ್ಯಾಸಲ್‌ರಾಕ್ ಕಡೆಯ ಕಣಿವೆಗಳಲ್ಲಿ ನಿತ್ಯಹಸುರಿನ ತುಂಡುಗಳಿವೆ. ಅಲ್ಲಿ ಒಂದು ಗುಂಪು ಕೆಲವು ವರ್ಷ ಉಳಿದರೂ ಉಳಿಯಬಹುದು. ಆದರೂ ನಾನು ಬೇಡ ಅನ್ನುತ್ತೇನೆ. ಒಂದು ಕೆಟ್ಟ ಹಣ್ಣಿನ ವರ್ಷ ಬಂದರೆ ಅವಕ್ಕೆ ಸರಿಯಲು ಬೇರೆ ಕಾಡಿಲ್ಲ. ಹಿಡಿದು ಸಾಗಿಸುವಾಗ ಇಲ್ಲಿಯ ಗುಂಪೂ ಒಡೆಯುತ್ತದೆ. ಅದಕ್ಕಿಂತ ಇರುವ ಜಾಗವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2019ರಲ್ಲಿ ಅದನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪ್ರಸ್ತಾವವೂ ಇದೆ. ಇಂಥ ಯೋಜನೆಗಳಲ್ಲಿ ಎಷ್ಟು ಎಕರೆ ಕಾಡು ಹೋಗುತ್ತದೆ ಅಂತ ಮಾತ್ರ ಚರ್ಚೆಯಾಗುತ್ತದೆ. ಸಿಂಗಳೀಕದ ಕಡೆಯಿಂದ ಕೇಳಬೇಕಾದದ್ದು, ಕೊಂಬೆಗಳ ದಾರಿ ಎಲ್ಲಿ ತುಂಡಾಗುತ್ತದೆ, ಯಾವ ಒರತೆ ಬತ್ತುತ್ತದೆ ಅಂತ. ರಸ್ತೆಗೆಂದು ಸಾಲಾಗಿ ಮರ ಕಡಿದರೆ ಎಕರೆ ಲೆಕ್ಕದಲ್ಲಿ ಅದು ಚಿಲ್ಲರೆ, ಸಿಂಗಳೀಕಕ್ಕೆ ಅದು ಗಡಿ.

ನಿಮ್ಮಿಂದ ಆಗುವ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆ ಸುತ್ತಲಿನ ಕಾನಿನಲ್ಲಿ ಯಾವ ಮರ ಯಾವ ತಿಂಗಳು ಹಣ್ಣಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಹಣ್ಣಿಲ್ಲದ ತಿಂಗಳನ್ನೂ ಬರೆಯಿರಿ, ಅದು ಇನ್ನೂ ಮುಖ್ಯ. ಅಘನಾಶಿನಿಯ ಉತ್ತರಕ್ಕೆ ಎಲ್ಲಾದರೂ ಸಿಂಗಳೀಕ ಕಂಡರೆ ಒಂದು ಫೋಟೊ ತೆಗೆದು, ಜಾಗ ಮತ್ತು ತಾರೀಖು ಬರೆದು, ಹತ್ತಿರದ ವಲಯ ಅರಣ್ಯ ಕಚೇರಿಗೆ ಕೊಡಿ. ನನಗೂ ಒಂದು ಪ್ರತಿ ಕಳಿಸಿ.